ಹಿಂದಿನ ಹಲಗೆ: ಕುಂದಾಪುರ ಕೋಡಿಯ ಒಂದು ಸಣ್ಣ ದೋಣಿಯ ಪ್ರಕರಣ

ದೋಣಿಯ ಹಿಂಭಾಗದಲ್ಲಿ ಇಂಜಿನ್ ಕೂರುವ ಹಲಗೆಗೆ ಸ್ಕ್ರೂಡ್ರೈವರ್ ಒತ್ತಿದರೆ ಅದು ಒಳಗೆ ಹೋಗಬಾರದು. ನಮ್ಮ ದೋಣಿಯಲ್ಲಿ ಹಿಡಿಯ ತನಕ ಹೋಯಿತು. ಹೊರಗೆ ಎಳೆದರೆ ತುದಿಗೆ ಕಂದು ಹಿಟ್ಟು ಅಂಟಿತ್ತು, ನೆನೆದ ಗೋಣಿಚೀಲದ ವಾಸನೆ ಬೇರೆ. ದೋಣಿ ಕೊಂಡು ಆಗ ಹತ್ತು ವಾರ ಆಗಿತ್ತು. ಕೊಳ್ಳುವ ದಿನ ಪಕ್ಕದಲ್ಲೇ ನಿಂತು 'ಚೆನ್ನಾಗಿದೆ, ತಗೊಳ್ಳಿ ಮಾವ' ಅಂದವನು ನಾನೇ.

ಮಾವ ಅಂದರೆ ಅಮ್ಮನ ತಮ್ಮ. ಕುಂದಾಪುರದ ಹತ್ತಿರ ಕೋಡಿಯಲ್ಲಿ ಮನೆ. ಚಿಕ್ಕಂದಿನಿಂದ ಸಮುದ್ರವೇ ಕೆಲಸ. ಈಗ ಅವರಿಗೆ 58. ಮಗ ಮುಂಬೈಯ ಹೋಟೆಲಿನಲ್ಲಿದ್ದಾನೆ, ಬಲೆ ಮುಟ್ಟುವುದಿಲ್ಲ. ನಾನು ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವನು. ಕರಾವಳಿಯ ಮೀನುಗಾರರಾದ ಮೊಗವೀರರ ಮನೆಗಳಲ್ಲಿ ಮಾವ-ಅಳಿಯನ ಸಂಬಂಧ ಹೇಗಿರುತ್ತದೆ ಅಂತ ಗೊತ್ತಿದ್ದವರಿಗೆ ನಾನೇಕೆ ದುಡ್ಡು ಹಾಕಿದೆ ಅಂತ ಹೇಳಬೇಕಿಲ್ಲ. ಅರ್ಧ ನನ್ನದು, ಅರ್ಧ ಅವರದು.

ಅವರ ಹಳೆಯದು ಮರದ ದೋಣಿ. ಹೆಬ್ಬಲಸಿನ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದದ್ದು, ಮೊಳೆ ಹೊಡೆದದ್ದಲ್ಲ. ಹೊಲಿದ ದೋಣಿಗೆ ಒಂದು ಗುಣ ಇದೆ: ಅಲೆ ಬಡಿದಾಗ ಸ್ವಲ್ಪ ಬಾಗುತ್ತದೆ, ಸೀಳುವುದಿಲ್ಲ. ಆದರೆ ಚಾಕರಿ ಜಾಸ್ತಿ. ಪ್ರತಿ ವರ್ಷ ಹೊಲಿಗೆ ನೋಡಬೇಕು, ಸಂದಿಗೆ ನಾರು ತುರುಕಬೇಕು, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯಬೇಕು. ಆ ಎಣ್ಣೆ ಕೈಗೆ ತಾಗಿದರೆ ಚರ್ಮ ಸುಟ್ಟು ಸುಲಿಯುತ್ತದೆ. ಮರ ಕೊರೆಯುವ ಹುಳಕ್ಕೂ ಅದೇ ಕಾರಣಕ್ಕೆ ಆಗಿಬರುವುದಿಲ್ಲ. ಮಳೆಗಾಲದಲ್ಲಿ ಹೊಳೆಯೊಳಗೆ ಕಟ್ಟಿಟ್ಟರೆ ಇನ್ನೊಂದು ಲಾಭ. ನೀರು ಸಿಹಿಯಾಗುತ್ತದಲ್ವಾ, ಉಪ್ಪುನೀರಿನ ಹುಳ ಅದರಲ್ಲಿ ಬದುಕುವುದಿಲ್ಲ.

ಇಷ್ಟೆಲ್ಲಾ ಮಾಡಿದರೂ ದೋಣಿ ಮುಪ್ಪಾಗಿತ್ತು. ಹೊಲಿಗೆ ಗೊತ್ತಿದ್ದ ಆಚಾರಿ ತೀರಿಹೋಗಿದ್ದರು. ಅಂಥ ಅಗಲದ ಮರ ಸಿಗುವುದೂ ಕಷ್ಟ. ಇಬ್ಬರು ಸೇರಿ ಅದನ್ನು ದಡಕ್ಕೆ ಎಳೆಯಲು ಆಗುತ್ತಿರಲಿಲ್ಲ. ಫೈಬರ್ ದೋಣಿ ತೆಗೆದುಕೊಳ್ಳೋಣ ಅಂತಾಯಿತು.

ಯಾವ ಫೈಬರ್ ದೋಣಿ? ನನ್ನ ಕಣ್ಣು 28 ಅಡಿಯ ಒಂದರ ಮೇಲಿತ್ತು. ಅಗಲ, ಎತ್ತರ, ನೋಡಲು ಗತ್ತು. ಮಾವ ಎರಡೇ ಪ್ರಶ್ನೆ ಕೇಳಿದರು. ಇದನ್ನು ಯಾರು ಎಳೆಯುವುದು? ಇದಕ್ಕೆ ಎಷ್ಟು ಹೆಚ್‌ಪಿ ಬೇಕು?

ಎರಡನೆಯ ಪ್ರಶ್ನೆಯಲ್ಲಿ ಇಡೀ ವರ್ಷದ ಸಂಪಾದನೆ ಅಡಗಿದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆ ನಿಷೇಧ. ದೊಡ್ಡ ಬೋಟುಗಳೆಲ್ಲ ಬಂದರಿನಲ್ಲಿ ಸಾಲಾಗಿ ನಿಲ್ಲುತ್ತವೆ. ಆದರೆ 10 ಅಶ್ವಶಕ್ತಿಯವರೆಗಿನ ಮೋಟಾರು ಇರುವ ನಾಡದೋಣಿಗೆ ಹೋಗಲು ಅವಕಾಶ ಇದೆ. ಅದಕ್ಕೇ ನಮ್ಮ ಕಡೆ ಎಲ್ಲಿ ನೋಡಿದರೂ 9.9 ಹೆಚ್‌ಪಿ ಇಂಜಿನ್. ಸಮುದ್ರ ಒಂದಿಷ್ಟು ತಣ್ಣಗಾದ ದಿನ ದಡದ ಹತ್ತಿರವೇ ಚಟ್ಲಿ (ಸೀಗಡಿ), ಬಂಗುಡೆ ಸಿಗುತ್ತದೆ. ಮಾರುಕಟ್ಟೆಯಲ್ಲಿ ಬೇರೆ ಮೀನಿಲ್ಲದ ಕಾಲ, ದರ ಚೆನ್ನಾಗಿರುತ್ತದೆ. ಅದೇ 28 ಅಡಿಯ ದೋಣಿಗೆ 9.9 ಇಂಜಿನ್ ಹಾಕಿ ಬಲೆ ತುಂಬಿಕೊಂಡು ಅಳಿವೆ ದಾಟಲು ಹೊರಟರೆ ಅದು ತೆವಳುತ್ತದೆ. ದೊಡ್ಡ ಇಂಜಿನ್ ಹಾಕಿದರೆ ಎರಡು ತಿಂಗಳು ಮನೆಯಲ್ಲಿ ಕೂರಬೇಕು. ಹಾಗಾಗಿ 22 ಅಡಿಯದೇ ಸಾಕು ಅಂತ ತೀರ್ಮಾನ ಆಯಿತು. ಈ ಒಂದು ವಿಷಯದಲ್ಲಿ ಮಾವ ನನ್ನ ಮಾತು ಕೇಳಲಿಲ್ಲ, ಬದುಕಿದೆವು.

ಅಳಿವೆ ಅಂದರೆ ಹೊಳೆ ಸಮುದ್ರಕ್ಕೆ ಸೇರುವ ಬಾಯಿ. ನಮ್ಮದು ಪಂಚಗಂಗಾವಳಿಯ ಅಳಿವೆ, ಆಚೆ ದಡದಲ್ಲಿ ಗಂಗೊಳ್ಳಿ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ ಅಂತ ಐದು ಹೊಳೆಗಳ ನೀರು ಇದೊಂದೇ ಬಾಯಲ್ಲಿ ಹೊರಗೆ ಬರುತ್ತದೆ. ಇಳಿತದ ಹೊತ್ತಿಗೆ ಹೊಳೆಯ ನೀರು ಹೊರಗೆ ನುಗ್ಗುತ್ತದೆ, ಸಮುದ್ರದ ತೆರೆ ಒಳಗೆ ನುಗ್ಗುತ್ತದೆ. ಎರಡೂ ಡಿಕ್ಕಿಯಾದ ಕಡೆ ಅಲೆ ಗೋಡೆಯ ಹಾಗೆ ನಿಂತುಬಿಡುತ್ತದೆ. ಅಲ್ಲಿ ಇಂಜಿನ್ ಹತ್ತು ಸೆಕೆಂಡ್ ಕೈಕೊಟ್ಟರೆ ದೋಣಿ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿಗೆ ಮುಂದಿನ ಅಲೆ ಸಾಕು.

ಅಕ್ಟೋಬರ್‌ನಲ್ಲಿ ಒಂದು ದೋಣಿ ಸಿಕ್ಕಿತು. 22 ಅಡಿ, ಏಳು ವರ್ಷ ಹಳೆಯದು, ಜೊತೆಗೆ 9.9ರ ಎರಡು ಸ್ಟ್ರೋಕಿನ ಸೀಮೆಎಣ್ಣೆ ಇಂಜಿನ್. ಎಲ್ಲ ಸೇರಿ 1 ಲಕ್ಷ 40 ಸಾವಿರ. ಹೊಸದಾಗಿ ನೀಲಿ ಬಣ್ಣ ಹೊಡೆದಿದ್ದರು. ಪಕ್ಕದ ಮನೆಯ ಅಜ್ಜ ಒಬ್ಬರು ಬೀಡಿ ಸೇದುತ್ತಾ ನೋಡಿ, 'ಬಣ್ಣ ಕಂಡ್ ದೋಣಿ ತಕಂಬುದಾ ಮಾರಾಯಾ?' ಅಂತ ಕೇಳಿದ್ದರು. ನಾನು ನಕ್ಕಿದ್ದೆ.

ನಾವು ಏನನ್ನೂ ನೋಡಲಿಲ್ಲ ಅಂತಲ್ಲ. ನಾಣ್ಯ ಹಿಡಿದು ಬದಿಗಳನ್ನೆಲ್ಲ ತಟ್ಟಿದೆವು. ಗಟ್ಟಿ ಫೈಬರ್ ಟಣ್ ಅನ್ನುತ್ತದೆ. ಪದರ ಬಿಟ್ಟುಕೊಂಡಿದ್ದರೆ ಡಬ್ ಅನ್ನುತ್ತದೆ, ಹಲಸಿನಕಾಯಿ ತಟ್ಟಿ ನೋಡುವವರಿಗೆ ಇದು ಕಲಿಸಬೇಕಾದ ವಿದ್ಯೆಯಲ್ಲ. ಬದಿ, ಮೂತಿ, ತಳ ಎಲ್ಲಾ ಟಣ್ ಅಂದವು. ತಳದ ಮಧ್ಯದ ಏಣು ಮರಳಿಗೆ ಉಜ್ಜಿ ಸವೆದಿತ್ತು, ಒಳಗಿನ ಫೈಬರ್ ಮ್ಯಾಟಿನ ಎಳೆ ಕಾಣುತ್ತಿತ್ತು. ಅದಕ್ಕೆ ಐದು ಸಾವಿರ ಇಳಿಸಿದರು. ಕಾಗದ ಪತ್ರ ನೋಡಿದೆವು, ದೋಣಿಯ ಮೇಲೆ ಬರೆದ ನೋಂದಣಿ ಸಂಖ್ಯೆ ಪುಸ್ತಕದ ಸಂಖ್ಯೆಗೆ ತಾಳೆಯಾಯಿತು. ಇಂಜಿನ್ ನಂಬರನ್ನೂ ನೋಡಿ ಅಂತ ಇದನ್ನು ಓದುವವರಿಗೆ ಹೇಳುತ್ತೇನೆ, ಅದು ತಪ್ಪಿದರೆ ವರ್ಗಾವಣೆಯ ಹೊತ್ತಿಗೆ ಓಡಾಟ.

ಹಿಂದಿನ ಹಲಗೆಯನ್ನು ಮಾತ್ರ ತಟ್ಟಲಿಲ್ಲ. ಯಾಕೆಂದರೆ ಅಲ್ಲಿ ಇಂಜಿನ್ ಕೂತಿತ್ತು, ಇಂಜಿನ್ ಬಿಚ್ಚಿಸುವುದು ಯಾಕೆ ಸುಮ್ನೆ ಅಂದುಕೊಂಡೆವು. ಹಲಗೆಯ ಮೇಲ್ತುದಿಗೆ ಎರಡು ಇಂಚು ದಪ್ಪದ ಒಂದು ಮರದ ತುಂಡು ಬೋಲ್ಟ್ ಹಾಕಿ ಕೂರಿಸಿದ್ದರು. ಅದಕ್ಕೂ ನೀಲಿ ಬಣ್ಣ. ನಾನು ಅದನ್ನು ನೋಡಿದ್ದೇನೆ, ಫೋಟೋದಲ್ಲೂ ಇದೆ. ಅದು ಅಲ್ಲಿ ಯಾಕಿದೆ ಅಂತ ಕೇಳಬೇಕು ಅನ್ನಿಸಲೇ ಇಲ್ಲ.

ನವೆಂಬರ್ ಪೂರ್ತಿ ಚೆನ್ನಾಗಿಯೇ ನಡೆಯಿತು. ಮಾವ ಮತ್ತು ಅವರ ಜೊತೆಗಾರ ಬೆಳಗಿನ ಜಾವ ಕಂತಬಲೆ ಹಾಕಿ ಎಂಟು ಗಂಟೆಯೊಳಗೆ ವಾಪಸ್ಸು. ಡಿಸೆಂಬರ್ ಮೊದಲ ವಾರ ಫೋನ್ ಬಂತು. ವಾಪಸ್ಸು ಬರುವಾಗ ಹಿಂದಿನಿಂದ ಅಲೆ ಎತ್ತಿದರೆ ಇಂಜಿನ್ ಇದ್ದಕ್ಕಿದ್ದ ಹಾಗೆ ಕಿರುಚುತ್ತದೆ, ದೋಣಿ ಮುಂದೆ ಹೋಗುವುದಿಲ್ಲ, ಎರಡು-ಮೂರು ಸೆಕೆಂಡ್ ಬಿಟ್ಟು ಮತ್ತೆ ಹಿಡಿಯುತ್ತದೆ. ಜೊತೆಗೆ ಟಿಲ್ಲರ್ (ಇಂಜಿನ್ ತಿರುಗಿಸುವ ಹಿಡಿ) ಹಿಡಿದ ಕೈಗೆ ನಡುಕ.

ಮೊದಲ ಅನುಮಾನ ನೀರಿನೊಳಗೆ ತಿರುಗಿ ದೋಣಿ ತಳ್ಳುವ ಫ್ಯಾನಿನ ಮೇಲೆ. ಬಿಚ್ಚಿ ನೋಡಿದರೆ ಹಿಂದೆ ನೈಲಾನ್ ಬಲೆಯ ದಾರ ಸುತ್ತಿಕೊಂಡಿತ್ತು, ಕೂದಲಿನ ಗಂಟಿನ ಹಾಗೆ. ಬ್ಲೇಡಿನಿಂದ ಕತ್ತರಿಸಿ ತೆಗೆದರು. ಗೇರ್ ಆಯಿಲ್ ತಿರುಪು ಬಿಚ್ಚಿದಾಗ ಎಣ್ಣೆಯ ಬದಲು ಹಾಲು ಹಾಕಿದ ಚಹಾದಂಥದ್ದು ಸುರಿಯಿತು. ದಾರ ಸೀಲನ್ನು ಕೊಯ್ದು ಒಳಗೆ ನೀರು ಹೋಗಿದೆ ಅಂತ ಅರ್ಥ. ಸೀಲ್ ಬದಲಾಯಿಸಿದರು, ಹೊಸ ಎಣ್ಣೆ ತುಂಬಿದರು. ಇದು ಸಿಕ್ಕಿದ್ದು ಒಳ್ಳೆಯದೇ ಆಯಿತು, ಬಿಟ್ಟಿದ್ದರೆ ಗೇರೇ ಹೋಗುತ್ತಿತ್ತು. ಆದರೆ ಕಿರುಚಾಟ ನಿಲ್ಲಲಿಲ್ಲ.

ಆ ಭಾನುವಾರ ನಾನು ಊರಲ್ಲಿದ್ದೆ. ದೋಣಿಯನ್ನು ಮರಳಿನ ಮೇಲೆ ತೆಂಗಿನ ಬೊಡ್ಡೆಗಳ ಮೇಲಿಟ್ಟು ಟೇಪ್ ಹಿಡಿದು ಅಳೆದೆವು. ಹೀಗೆ ಹಿಂದಿನ ಹಲಗೆಗೆ ಸಿಕ್ಕಿಸುವ ಔಟ್‌ಬೋರ್ಡ್ ಇಂಜಿನ್‌ಗಳಲ್ಲಿ ಕಾಲಿನ ಉದ್ದ ಎರಡು ಬಗೆ ಸಾಮಾನ್ಯ: ಗಿಡ್ಡ ಕಾಲು 15 ಇಂಚಿನ ಹಲಗೆಗೆ, ಉದ್ದ ಕಾಲು 20 ಇಂಚಿನ ಹಲಗೆಗೆ. ಫ್ಯಾನಿನ ಸ್ವಲ್ಪ ಮೇಲೆ ಅಡ್ಡಕ್ಕೆ ಒಂದು ತಟ್ಟೆ ಇರುತ್ತದೆ ನೋಡಿ, ಅದು ದೋಣಿಯ ತಳಕ್ಕೆ ಸಮನಾಗಿ ಅಥವಾ ಒಂದಿಂಚು ಕೆಳಗೆ ಇರಬೇಕು. ಮೇಲಿದ್ದರೆ ಫ್ಯಾನು ಗಾಳಿ ಕುಡಿಯುತ್ತದೆ, ನೀರನ್ನು ತಳ್ಳುವುದಿಲ್ಲ. ತೀರಾ ಕೆಳಗಿದ್ದರೆ ಎಳೆತ ಜಾಸ್ತಿ, ಎಣ್ಣೆ ದಂಡ. ನಮ್ಮದು ಗಿಡ್ಡ ಕಾಲು. ಹಲಗೆ 15 ಇಂಚು. ಮೇಲೆ ಆ ಎರಡಿಂಚಿನ ತುಂಡು ಸೇರಿ 17. ತಟ್ಟೆ ತಳಕ್ಕಿಂತ ಮೇಲೇ ಇತ್ತು. ಕಿರುಚಾಟದ ಕಾರಣ ಸಿಕ್ಕಿತು.

ನಾನು ಖುಷಿಯಾಗಿ 'ತುಂಡು ತೆಗೆದುಬಿಟ್ಟರೆ ಆಯ್ತು' ಅಂದೆ. ಮಾವ ಮಾತಾಡಲಿಲ್ಲ. ಇಂಜಿನ್ನಿನ ತಲೆ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದರು. ಇನ್ನೊಂದು ಕೈಯ ಹೆಬ್ಬೆರಳನ್ನು ಹಲಗೆ ಮತ್ತು ಬದಿ ಸೇರುವ ಮೂಲೆಯಲ್ಲಿ ಇಟ್ಟಿದ್ದರು.

'ಇಂಜಿನ್ ಅಲ್ಲ ಅಪ್ಪಿ, ಹಲ್ಗಿಯೇ ಅಲ್ಲಾಡ್ತ್.'

ಇಂಜಿನ್ ಇಳಿಸಿ ತುಂಡು ಬಿಚ್ಚಿದೆವು. ಅದರ ಅಡಿಯಲ್ಲಿ ಹಲಗೆಯ ಮೇಲ್ತುದಿಯಲ್ಲಿ ಫೈಬರೇ ಇರಲಿಲ್ಲ, ಕಪ್ಪಾದ ಪ್ಲೈವುಡ್ಡಿನ ಅಂಚು ಬಾಯಿ ತೆರೆದುಕೊಂಡಿತ್ತು. ಬೋಲ್ಟ್ ತೂತಿನಿಂದ ಕಂದು ನೀರು ಹನಿ ಹನಿಯಾಗಿ ಇಳಿಯಿತು. ಸ್ಕ್ರೂಡ್ರೈವರ್ ಚುಚ್ಚಿದ್ದು ಆಗಲೇ. ಹಿಂದಿನ ಮಾಲೀಕ ಆ ತುಂಡು ಯಾಕೆ ಕೂರಿಸಿದ್ದ ಅನ್ನುವುದು ಆಗ ಹೊಳೆಯಿತು. ಇಂಜಿನ್ನಿನ ಕ್ಲ್ಯಾಂಪು ಕಚ್ಚುವ ಜಾಗ ಮೆತ್ತಗಾಗಿತ್ತು. ಗಟ್ಟಿ ಮರ ಸಿಗಲಿ ಅಂತ ಇಂಜಿನ್ನನ್ನು ಎರಡಿಂಚು ಮೇಲೆ ಎತ್ತಿದ್ದ. ಒಂದು ರೋಗ ಮುಚ್ಚಲು ಇನ್ನೊಂದು ರೋಗ ತಂದಿದ್ದ. ಅವನಿಗೆ ಬೈಯುವ ಮನಸ್ಸು ಆಯಿತು, ನಿಜ. ಆದರೆ ಆ ತುಂಡನ್ನು ಅವನೇನೂ ಬಚ್ಚಿಟ್ಟಿರಲಿಲ್ಲವಲ್ಲ. ಕಣ್ಣೆದುರೇ ಇತ್ತು.

ಫೈಬರ್ ಕೊಳೆಯುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಫೈಬರ್ ಕೊಳೆಯುವುದಿಲ್ಲ, ಸರಿ. ಆದರೆ ಹಿಂದಿನ ಹಲಗೆ ಬರೀ ಫೈಬರ್ ಅಲ್ಲ. ಎರಡು ಫೈಬರ್ ಪದರದ ನಡುವೆ ಪ್ಲೈವುಡ್ ಇಟ್ಟು ಮುಚ್ಚಿರುತ್ತಾರೆ, ಹೋಳಿಗೆಯೊಳಗಿನ ಹೂರಣದ ಹಾಗೆ. ಹತ್ತಿರ ಹತ್ತಿರ ನಲವತ್ತು ಕಿಲೋದ ಇಂಜಿನ್ ಅದಕ್ಕೆ ನೇತುಹಾಕಿಕೊಂಡು ಪ್ರತಿ ಅಲೆಗೂ ಜಗ್ಗುತ್ತದೆ. ಯಾರೋ ಒಬ್ಬರು ಬೋಲ್ಟಿಗೆ ತೂತು ಕೊರೆದು ಹಾಗೇ ಬಿಟ್ಟರೆ ಸಾಕು. ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿಯಿಲ್ಲ. ಮರದ ದೋಣಿಯಲ್ಲಾದರೆ ಕೊಳೆತದ್ದು ಕಾಣುತ್ತದೆ, ಬಿಸಿಲಿಗೆ ಒಣಗುತ್ತದೆ. ಇಲ್ಲಿ ಕಾಣುವುದೇ ಇಲ್ಲ.

ರಿಪೇರಿ ಜನವರಿಯಲ್ಲಿ ಮಾಡಿಸಿದೆವು. ಒಣ ಹವೆ ಇರುವ ತಿಂಗಳೇ ಆಗಬೇಕು, ತೇವ ಇದ್ದರೆ ರೆಸಿನ್, ಅಂದರೆ ಫೈಬರ್ ಕೂರಿಸುವ ಅಂಟು, ಹಿಡಿಯುವುದಿಲ್ಲ. ಫೈಬರ್ ಕೆಲಸದ ಹುಡುಗ ಒಳಗಿನ ಪದರವನ್ನು ಗ್ರೈಂಡರಿನಲ್ಲಿ ಕಿಟಕಿಯ ಹಾಗೆ ಕತ್ತರಿಸಿ ತೆಗೆದ. ಹೊರಗಿನ ಪದರ ಹಾಗೇ ಉಳಿಯಿತು, ಆಕಾರ ಕೆಡಲಿಲ್ಲ. ಪ್ಲೈವುಡ್ಡನ್ನು ಉಳಿಯಿಂದ ಕೆತ್ತಬೇಕಾಗಲಿಲ್ಲ, ಕೈಯಲ್ಲೇ ಬಾಚಿದ. ಒಂದು ಬಕೆಟ್ ತುಂಬಾ ಬಂತು. ಆಮೇಲೆ ಹದಿನೈದು ದಿನ ಬಿಸಿಲಿಗೆ ಒಣಗಲು ಬಿಟ್ಟೆವು. ಅವನು ಮೂರು ದಿನ ಸಾಕು ಅಂದ, ಮಾವ ಒಪ್ಪಲಿಲ್ಲ.

ಹೊಸದಾಗಿ ಹಾಕಿದ್ದು ಐಎಸ್ 710 ಗುರುತಿನ ಮೆರೈನ್ ಪ್ಲೈ, 12 ಮಿಲಿಮೀಟರಿನ ಮೂರು ಹಾಳೆ ಅಂಟಿಸಿ 36. ಅಂಗಡಿಯವರು 'ವಾಟರ್‌ಪ್ರೂಫ್' ಅಂತ ಕೊಡುವ ಅಡುಗೆಮನೆ ಪ್ಲೈ ಬೇರೆ, ಇದು ಬೇರೆ. ಹಾಳೆಯ ಮೇಲಿನ ಮುದ್ರೆ ನೋಡಿಯೇ ತರಬೇಕು. ಅಂಚುಗಳಿಗೆಲ್ಲ ಮೊದಲೇ ರೆಸಿನ್ ಕುಡಿಸಿದೆವು. ಹಳೆ ಫೈಬರಿನ ಅಂಚನ್ನು ಚಪ್ಪಟೆಯಾಗಿ, ಉದ್ದಕ್ಕೆ ಇಳಿಜಾರು ಬರುವ ಹಾಗೆ ಉಜ್ಜಿದ ಮೇಲೇ ಹೊಸ ಮ್ಯಾಟ್ ಕೂರಿಸಿದ್ದು. ನಯವಾದ ಹಳೆ ಮೈಮೇಲೆ ಹೊಸ ರೆಸಿನ್ ಬಳಿದರೆ ಅದು ತೇಪೆ ಅಷ್ಟೇ, ಒಂದು ದಿನ ಸಿಪ್ಪೆಯ ಹಾಗೆ ಎದ್ದುಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಪಾಲಿಯೆಸ್ಟರ್ ರೆಸಿನ್ನಿಗೆ ಎರಡು ಸೀಸೆಯಿಂದ ಹಾಕುತ್ತಾರೆ: ನೇರಳೆ ಬಣ್ಣದ ಕೋಬಾಲ್ಟ್, ನೀರಿನಂಥ ಹಾರ್ಡ್ನರ್. ಇವೆರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಸಿಡಿಯುತ್ತದೆ. ಕೋಬಾಲ್ಟ್ ಮೊದಲು ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಸಬೇಕು, ಹಾರ್ಡ್ನರ್ ಕೊನೆಗೆ, ಅದೂ ಕಿಲೋಗೆ 10ರಿಂದ 20 ಗ್ರಾಂ. ಆ ಹುಡುಗ ಎರಡು ಸೀಸೆಯನ್ನೂ ಒಂದೇ ಬುಟ್ಟಿಯಲ್ಲಿ ಇಟ್ಟುಕೊಂಡಿದ್ದ. ಒಂದನ್ನು ತೆಗೆದು ದೂರ ಇಟ್ಟು ಬಂದೆ. ಇಡೀ ಕೆಲಸದಲ್ಲಿ ನನ್ನಿಂದ ಆದ ಉಪಕಾರ ಅದೊಂದೇ.

ತೂತಿನ ವಿಷಯ. ಬೋಲ್ಟ್ 10 ಮಿಲಿಮೀಟರ್ ಆದರೆ ತೂತು 16 ಕೊರೆಸಿದೆವು. ಅದನ್ನು ರೆಸಿನ್ ಮತ್ತು ಕತ್ತರಿಸಿದ ಫೈಬರ್ ಎಳೆ ಕಲಸಿದ ಪುಟ್ಟಿಯಿಂದ ಪೂರ್ತಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಮತ್ತೆ 10ರ ತೂತು. ಈಗ ಬೋಲ್ಟು ಎಲ್ಲೂ ಮರವನ್ನು ಮುಟ್ಟುವುದಿಲ್ಲ, ಸುತ್ತ ರೆಸಿನ್ನಿನ ಕೊಳವೆ. ಒಂದು ಗಂಟೆಯ ಕೆಲಸ. ಇದನ್ನು ಏಳು ವರ್ಷದ ಹಿಂದೆ ಯಾರಾದರೂ ಮಾಡಿದ್ದರೆ ರಿಪೇರಿಗೆ ಹೋದ ನಮ್ಮ 22 ಸಾವಿರ ಉಳಿಯುತ್ತಿತ್ತು. ಅದರ ಮೇಲೆ ಒಂದು ತಿಂಗಳ ದುಡಿಮೆಯೂ ಹೋಯಿತು, ಅದನ್ನು ಮಾವ ಲೆಕ್ಕಕ್ಕೆ ಹಿಡಿಯಲಿಲ್ಲ, ನಾನು ಹಿಡಿದಿದ್ದೇನೆ.

ಅದೇ ಸಮಯದಲ್ಲಿ ತಳದ ಏಣಿನ ಮೇಲೂ ಮೂರು ಪದರ ಮ್ಯಾಟ್ ಹೊಡೆಸಿದೆವು. ಮರಳಿನ ಮೇಲೆ ಎಳೆಯುವ ದೋಣಿ ಅಲ್ಲೇ ಮೊದಲು ಸವೆಯುವುದು. ಬೊಡ್ಡೆ ಇಡದೆ ಎಳೆದ ಒಂದೊಂದು ದಿನವೂ ಉಪ್ಪುಕಾಗದ ಉಜ್ಜಿದ ಹಾಗೆ.

ಈಗ ದಿನಚರಿ ಬದಲಾಗಿದೆ. ಮನೆಯ ಹಿಂದೆ ಒಂದು ನೀಲಿ ಡ್ರಮ್ಮು. ಸಮುದ್ರದಿಂದ ಬಂದ ತಕ್ಷಣ ಇಂಜಿನ್ನನ್ನು ಅದಕ್ಕೆ ಸಿಕ್ಕಿಸಿ ಬಾವಿ ನೀರಿನಲ್ಲಿ ಹತ್ತು ನಿಮಿಷ ಓಡಿಸುತ್ತಾರೆ. ಉಪ್ಪು ಒಳಗಿನ ದಾರಿಗಳಲ್ಲಿ ಒಣಗಿ ಕೂತರೆ ಆಮೇಲೆ ಯಾವ ನೀರಿಗೂ ಬರುವುದಿಲ್ಲ. ಓಡುವಾಗ ಪಕ್ಕದ ಸಣ್ಣ ತೂತಿನಿಂದ ನೀರಿನ ಧಾರೆ ಬರುತ್ತದಲ್ಲ, ಅತ್ತೆ ಅದನ್ನೇ ನೋಡುತ್ತಾ ನಿಲ್ಲುತ್ತಾರೆ. ಧಾರೆ ಸಣ್ಣಗಾದರೆ ಅಡುಗೆಮನೆಯಿಂದಲೇ ಕೂಗು. ಒಳಗೆ ನೀರೆತ್ತುವ ರಬ್ಬರ್ ಚಕ್ರ ಸವೆದಿದೆ ಅಂತ ಅವರೇ ಮೊದಲು ಹೇಳಿದ್ದು.

ಸೀಮೆಎಣ್ಣೆ ಇಂಜಿನ್ನಿಗೆ ಇನ್ನೊಂದು ಶಿಸ್ತು ಇದೆ. ಪೆಟ್ರೋಲಿನಲ್ಲಿ ಶುರು ಮಾಡಬೇಕು, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು, ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ. ಕೊನೆಯದನ್ನು ಮರೆತರೆ ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆ ಉಳಿದು ಮರುದಿನ ಹಗ್ಗ ಎಳೆದು ಎಳೆದು ಭುಜ ಹೋಗುತ್ತದೆ. ಸೀಮೆಎಣ್ಣೆ ಸಿಗುವುದೂ ಈಗ ಮೊದಲಿನ ಹಾಗಲ್ಲ. ಮುಂದಿನ ಇಂಜಿನ್ ಪೆಟ್ರೋಲಿನದೇ ಅಂತ ನನ್ನ ವಾದ. ಅದು ಇನ್ನೂ ಇತ್ಯರ್ಥ ಆಗಿಲ್ಲ.

ಗೇರ್ ಆಯಿಲ್ ತಿಂಗಳಿಗೊಮ್ಮೆ ಎರಡು ಹನಿ ಬೆರಳ ಮೇಲೆ ಬಿಟ್ಟು ನೋಡುತ್ತಾರೆ. ಬೆಳ್ಳಗಿದ್ದರೆ ಸೀಲ್. ದೋಣಿಗೆ ಟಾರ್ಪಾಲು ಬಿಗಿದು ಕಟ್ಟುವುದನ್ನು ಬಿಟ್ಟು ತೆಂಗಿನ ಮಡಲಿನ ಚಪ್ಪರ ಹಾಕಿದ್ದಾರೆ. ಟಾರ್ಪಾಲಿನ ಒಳಗೆ ಬೆವರು ಕಟ್ಟುತ್ತದೆ, ಚಪ್ಪರದಲ್ಲಿ ಗಾಳಿ ಆಡುತ್ತದೆ, ಬಿಸಿಲೂ ತಾಗುವುದಿಲ್ಲ. ಮೂತಿಯನ್ನು ಎತ್ತರಿಸಿ, ಹಿಂದಿನ ನೀರಿನ ಬಿರಡೆ ತೆಗೆದಿಟ್ಟರೆ ಮಳೆನೀರು ತಾನೇ ಹೋಗುತ್ತದೆ.

ಲೈಫ್ ಜಾಕೆಟ್ ಎರಡು ತಂದುಕೊಟ್ಟೆ. ಮಾವ ಅದರ ಮೇಲೆ ಕೂರುತ್ತಿದ್ದರು. ಜೂನ್‌ನಿಂದ ಹಾಕಿಕೊಳ್ಳುತ್ತಿದ್ದಾರೆ, ಅಳಿವೆ ದಾಟುವಾಗ ಮಾತ್ರ. ಹೈದರಾಬಾದಿನ ಇನ್‌ಕೋಯಿಸ್ ಸಂಸ್ಥೆ ಕೊಡುವ ಅಲೆಯ ಎತ್ತರದ ಮುನ್ಸೂಚನೆಯನ್ನು ನಾನು ರಾತ್ರಿ ನೋಡಿ ಫೋನಿನಲ್ಲಿ ಹೇಳುತ್ತೇನೆ. ಅವರು 'ಹ್ಞೂಂ' ಅಂದು, ಬೆಳಿಗ್ಗೆ ಎದ್ದು ದಡದಲ್ಲಿ ಐದು ನಿಮಿಷ ನಿಂತು ತಾವೇ ನೋಡುತ್ತಾರೆ. ಎರಡೂ ಒಪ್ಪಿದರೆ ಮಾತ್ರ ದೋಣಿ ಇಳಿಯುತ್ತದೆ. ಕೋಸ್ಟ್ ಗಾರ್ಡಿನ 1554, ಕರಾವಳಿ ಕಾವಲು ಪೊಲೀಸರ 1093, ಎರಡನ್ನೂ ಹಲಗೆಯ ಒಳಬದಿಯಲ್ಲಿ ಪೇಂಟಿನಲ್ಲಿ ಬರೆಸಿದ್ದೇವೆ.

ಆ ಮಳೆಗಾಲ ಸಮುದ್ರ ಬಿಟ್ಟುಕೊಟ್ಟ ಬೆಳಿಗ್ಗೆಗಳಲ್ಲೆಲ್ಲ ಮಾವ ಹೋದರು. ಇಂಜಿನ್ ಒಮ್ಮೆಯೂ ಕಿರುಚಲಿಲ್ಲ. ಚೌತಿಗೆ ಹೋದಾಗ ನಾನೇ ಇಂಜಿನ್ ಇಳಿಸಿ ಹಲಗೆಗೆ ನಾಣ್ಯ ತಟ್ಟಿದೆ. ಮೂಲೆ ಮೂಲೆಯೂ ಟಣ್. ಇಂಜಿನ್ನಿನ ಕಾಲಿಗೆ ಸಿಕ್ಕಿಸಿದ ಸತುವಿನ ತುಂಡು ಮಾತ್ರ ಅರ್ಧ ಸವೆದಿತ್ತು. ಅದು ಸವೆಯಲೆಂದೇ ಇರುವುದು, ಉಪ್ಪುನೀರು ಇಂಜಿನ್ನಿನ ಲೋಹದ ಬದಲು ಅದನ್ನು ತಿನ್ನಲಿ ಅಂತ. ಅದಕ್ಕೆ ಬಣ್ಣ ಬಳಿದರೆ ಕೆಲಸ ಮಾಡುವುದಿಲ್ಲ. ಹೊಸದು ತರಬೇಕು ಅಂತ ಹೇಳಿ ಬೆಂಗಳೂರು ಬಸ್ಸು ಹತ್ತಿದೆ. ಕೋಟೇಶ್ವರವೂ ದಾಟಿರಲಿಲ್ಲ, ಮಾವನ ಫೋನು.

'ಅಪ್ಪಿ, ಬಣ್ಣ ಹೊಡ್ದದ್ ತರ್ಬೇಡ, ಕಾಣ್.'